ನೀರು ಬೆರೆಸದ ಕಾಲುವೆಗಳು

1980ರ ದಶಕದ ಮೊದಲ ವರ್ಷಗಳು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ, ನರವಿಜ್ಞಾನಿ ಪೀಟರ್ ಸ್ಟ್ರಿಕ್ ಅವರ ಪ್ರಯೋಗಾಲಯದಲ್ಲಿ ನೀವಿದ್ದೀರಿ. ಕೋಣೆ ಕತ್ತಲು. ಸೂಕ್ಷ್ಮದರ್ಶಕದ ಅಡಿಯ ಗಾಜಿನ ಸ್ಲೈಡಿಗಷ್ಟೇ ಓರೆಯಾಗಿ ಬೆಳಕು ಬೀಳುತ್ತಿದೆ. ಅದರ ಮೇಲಿರುವುದು ಮಕಾಕ್ ಕೋತಿಯ ಮೆದುಳಿನ ನಡುಭಾಗದಿಂದ, ಥಾಲಮಸ್‌ನಿಂದ, ಕತ್ತರಿಸಿದ ಒಂದು ತೆಳ್ಳನೆಯ ಪೊರೆ.

ಮೊದಲು ಕಾಣುವುದು ಬರೀ ಮಬ್ಬು. ಸ್ಲೈಡನ್ನು ಚೂರು ಸರಿಸಿ. ಅಗೋ, ಒಂದು ನರಕೋಶ ಹೊಳೆಯಿತು. ಪಕ್ಕದಲ್ಲೇ ಇನ್ನೊಂದು. ಆಮೇಲೆ ಒಂದು ಗುಂಪೇ. ಕೋಶದ ಒಡಲ ತುಂಬ ಪುಡಿಪುಡಿ ಕಣಗಳು.

ಈ ಕಣಗಳು ಇಲ್ಲಿನವಲ್ಲ. ಹಾರ್ಸ್‌ರ್‍ಯಾಡಿಶ್ ಎಂಬ ಘಾಟು ಬೇರಿನಿಂದ ತೆಗೆದ ಕಿಣ್ವವನ್ನು ಕೋತಿಯ ಮೋಟಾರ್ ಕಾರ್ಟೆಕ್ಸಿಗೆ, ಅಂದರೆ ಚಲನೆಗೆ ಆಜ್ಞೆ ಕೊಡುವ ಮೆದುಳಿನ ಹೊರಪದರದ ಭಾಗಕ್ಕೆ, ಚುಚ್ಚಲಾಗಿತ್ತು. ಅಲ್ಲಿ ಬಂದು ಮುಟ್ಟಿದ್ದ ನರತಂತುಗಳ ತುದಿಗಳು ಅದನ್ನು ಹೀರಿಕೊಂಡವು. ತಂತುವಿನೊಳಗೇ ಹಿಮ್ಮುಖವಾಗಿ ಸಾಗಿ ಅದು ಮೂಲ ಕೋಶವನ್ನು ಸೇರಿತು. ಹಾಗಾಗಿ ಹೊಳೆಯುವ ಒಂದೊಂದು ಕೋಶವೂ ಮೋಟಾರ್ ಕಾರ್ಟೆಕ್ಸಿಗೆ ತಂತು ಚಾಚಿದ ಕೋಶ. ಈ ಗುರುತು ನಿಮ್ಮ ಕಣ್ಣಿಗೆ ಬೀಳಲು ಒಂದು ಪ್ರಾಣಿ ಜೀವ ತೆತ್ತಿದೆ. ಅದನ್ನು ಮರೆತು ಈ ಸ್ಲೈಡ್ ನೋಡಬಾರದು.

ಗುಂಪು ಇರುವುದೆಲ್ಲಿ? ಯೆಜಿ ಓಲ್ಶೆವ್‌ಸ್ಕಿ 1952ರಲ್ಲಿ ಪ್ರಕಟಿಸಿದ ಮಕಾಕ್ ಥಾಲಮಸ್‌ನ ಅಟ್ಲಾಸಿನೊಂದಿಗೆ ತಾಳೆ ನೋಡಿ. ಅವರು ವಿಪಿಎಲ್‌ಒ ಎಂದು ಕರೆದ ವಲಯ. ಕಿರುಮೆದುಳಿನಿಂದ ಹೊರಟ ತಂತುಗಳು ಬಂದಿಳಿಯುವುದು ಇಲ್ಲೇ.

ಈಗ ಬೇರೆ ಕೋತಿಯ ಸ್ಲೈಡ್ ಇಡಿ. ಇದರಲ್ಲಿ ಕಿಣ್ವ ಚುಚ್ಚಿದ್ದು ಮೆದುಳಿನ ಎರಡು ಹೋಳುಗಳು ಎದುರುಬದುರಾಗುವ ಒಳಮೈಗೆ, ಸಪ್ಲಿಮೆಂಟರಿ ಮೋಟಾರ್ ಪ್ರದೇಶಕ್ಕೆ. ಹೊಳಪು ಮುಂದಕ್ಕೆ ಸರಿದು ವಿಎಲ್‌ಒ ವಲಯದಲ್ಲಿ ನೆಲೆಗೊಂಡಿದೆ. ಅಲ್ಲಿಗೆ ತಂತುಗಳು ಬರುವುದು ಮೆದುಳಿನ ಆಳದ ಕೋಶಗುಂಪುಗಳಾದ ಬೇಸಲ್ ಗ್ಯಾಂಗ್ಲಿಯದ ಗ್ಲೋಬಸ್ ಪ್ಯಾಲಿಡಸ್‌ನಿಂದ. ಮೂರನೆಯದನ್ನೂ ನೋಡಿ: ಇಲ್ಲಿ ಚುಚ್ಚಿದ್ದು ಆರ್ಕ್ಯುಯೇಟ್ ಎಂಬ ಬಾಗಿದ ಸೀಳಿನ ಬಳಿಯ ಪ್ರೀಮೋಟಾರ್ ಪ್ರದೇಶಕ್ಕೆ. ಹೊಳೆಯುತ್ತಿರುವುದು ಏರಿಯಾ ಎಕ್ಸ್. ಇದೂ ಕಿರುಮೆದುಳಿನ ತಾಣವೇ, ಆದರೆ ತಂತುಗಳು ಹೊರಡುವುದು ಕಿರುಮೆದುಳಿನ ಆಳದ ಇನ್ನೊಂದು ಭಾಗದಿಂದ.

ಮೂರನ್ನೂ ಒಟ್ಟಿಗೆ ನೆನೆಯಿರಿ. ಕಿರುಮೆದುಳು ಮತ್ತು ಬೇಸಲ್ ಗ್ಯಾಂಗ್ಲಿಯದ ಸಂದೇಶಗಳು ಥಾಲಮಸ್‌ನಲ್ಲಿ ಕಲೆತು, ಅಲ್ಲಿಂದ ಮೋಟಾರ್ ಕಾರ್ಟೆಕ್ಸಿಗೆ ಹೋಗುತ್ತವೆ ಎಂಬ ಎಣಿಕೆಯಿತ್ತು. ಆದರೆ ನೀವು ಕಂಡದ್ದು ಒಂದೇ ಬಯಲಿನಲ್ಲಿ ಅಕ್ಕಪಕ್ಕ ಹರಿದರೂ ನೀರು ಬೆರೆಸದೆ ತಂತಮ್ಮ ಗದ್ದೆಗೆ ಹೋಗುವ ಕಾಲುವೆಗಳನ್ನು. ಸ್ಟ್ರಿಕ್ ಮತ್ತು ಅವರ ಸಹಸಂಶೋಧಕ ಶೆಲ್ ಇದನ್ನು 1984ರಲ್ಲಿ ಪ್ರಕಟಿಸಿದರು. ಮುಂದೆ, ಒಂದು ನರಕೋಶದಿಂದ ಇನ್ನೊಂದಕ್ಕೆ ದಾಟಬಲ್ಲ ಹರ್ಪಿಸ್ ವೈರಸ್ಸನ್ನು ಬಳಸಿ ಹೂವರ್ ಮತ್ತು ಸ್ಟ್ರಿಕ್ ಇನ್ನೂ ಆಳಕ್ಕೆ ಹೋದರು. ಗ್ಲೋಬಸ್ ಪ್ಯಾಲಿಡಸ್‌ನ ಸಂದೇಶ ಮೋಟಾರ್ ಕಾರ್ಟೆಕ್ಸಿಗೂ ತಲುಪುತ್ತದೆ ಎಂದು 1993ರಲ್ಲಿ ತೋರಿಸಿದರು. ಮೊದಲ ನಕ್ಷೆ ತಿದ್ದುಪಡಿಯಾಯಿತು, ಅದರ ತಿರುಳು ಉಳಿಯಿತು: ಕಾರ್ಟೆಕ್ಸಿನ ಒಂದೊಂದು ಪ್ರದೇಶಕ್ಕೂ ಗ್ಲೋಬಸ್ ಪ್ಯಾಲಿಡಸ್‌ನಲ್ಲಿ ಬೇರೆ ಬೇರೆ ಕೋಶಗುಂಪು ಮೀಸಲು.

ಇನ್ನು ದಿಕ್ಕು ತಿರುಗಿಸಿ, ಕಾರ್ಟೆಕ್ಸಿನಿಂದ ಥಾಲಮಸ್‌ಗೆ ಇಳಿಯಿರಿ. ಮೇಲೇರುವ ತಂತುಗಳಿಗಿಂತ ಕೆಳಗಿಳಿಯುವವೇ ಬಹಳ ಹೆಚ್ಚು. ಕಾರ್ಟೆಕ್ಸಿನ ಆರನೇ ಪದರದಿಂದ ಬರುವವು ಸಣಕಲು ತಂತುಗಳು, ಪುಟ್ಟ ಪುಟ್ಟ ತುದಿಗಳು. ಐದನೇ ಪದರದಿಂದ ಬರುವವು ಕಡಿಮೆ, ಆದರೆ ಅವುಗಳ ತುದಿಗಳು ದೊಡ್ಡವು. ಆಜ್ಞೆ ಕೊಡುವ ಕಾರ್ಟೆಕ್ಸ್ ತನಗೆ ಬರುವ ಸಂದೇಶವನ್ನೂ ಹೀಗೆ ತಾನೇ ತಿದ್ದುತ್ತಿರುತ್ತದೆ.

ಈಗ ಫ್ರಾನ್ಸಿನ ಗ್ರೆನೋಬ್ಲ್‌ಗೆ ಬನ್ನಿ. 1987. ಶಸ್ತ್ರಚಿಕಿತ್ಸೆಯ ಮೇಜಿನ ಮೇಲಿರುವ ರೋಗಿ ಎಚ್ಚರವಾಗಿದ್ದಾರೆ, ಕೈ ನಡುಗುತ್ತಿದೆ. ಅಲೀಂ ಲೂಯಿ ಬೆನಬಿದ್ ಅವರ ತಂಡ ಥಾಲಮಸ್‌ನ ವಿಮ್ ಎಂಬ ವಲಯಕ್ಕೆ ತೆಳು ಎಲೆಕ್ಟ್ರೋಡ್ ಇಳಿಸಿದೆ. ಸೆಕೆಂಡಿಗೆ 100ಕ್ಕೂ ಹೆಚ್ಚು ಸಲ ವಿದ್ಯುತ್ ಮಿಡಿತ ಕೊಟ್ಟಾಗ ನಡುಕ ನಿಲ್ಲುತ್ತದೆ. ನಿಲ್ಲಿಸಿದರೆ ಮರಳುತ್ತದೆ. ಆ ಜಾಗವನ್ನು ಸುಟ್ಟರೆ ನಡುಕ ಹೋಗುತ್ತದೆಂಬುದು ಶಸ್ತ್ರಚಿಕಿತ್ಸಕರಿಗೆ ಮೊದಲೇ ಅನುಭವದಿಂದ ಗೊತ್ತಿತ್ತು. ಅಲ್ಲೇ ಏಕೆ ಎಂಬುದಕ್ಕೆ ದಾರಿ ತೋರುವುದು ಕೋತಿಯ ನಕ್ಷೆ. ವಿಮ್ ಎಂದರೆ ಮನುಷ್ಯರಲ್ಲಿ ವಿಪಿಎಲ್‌ಒಗೆ ಸರಿಹೊಂದುವ ವಲಯ, ಕಿರುಮೆದುಳಿನ ಸಂದೇಶ ಮೋಟಾರ್ ಕಾರ್ಟೆಕ್ಸಿಗೆ ಹೋಗುವ ದಾರಿಯ ನಡುತಾಣ.

ಕಾಲುವೆಗಳು ಬೆರೆತುಹೋಗಿದ್ದರೆ ಮಿಲಿಮೀಟರ್ ಲೆಕ್ಕದಲ್ಲಿ ಗುರಿಯಿಡುವುದಕ್ಕೆ ಅರ್ಥವೇ ಇರುತ್ತಿರಲಿಲ್ಲ. ಅವು ಬೇರೆ ಬೇರೆಯಾಗಿ ಉಳಿದದ್ದರಿಂದಲೇ ನಡುಗುವ ಕೈಗೊಂದು ಚಿಕಿತ್ಸೆ ಸಾಧ್ಯವಾಗಿದೆ.