ಸದ್ದಿಲ್ಲದ ದುಡಿ

ಮಾದಾಪುರಕ್ಕೆ ಹತ್ತಿರದ ಜಂಬೂರಿನ ಹೊಸ ಮನೆಗಳಲ್ಲೊಂದರಲ್ಲಿ ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಒಂದು ತಕರಾರು ಎದ್ದಿತು. ಪಿಯುಸಿ ಓದುವ ಹುಡುಗನಿಗೆ ಡ್ರಮ್ ಬೇಕು. ಎರಡು ಕೊಯ್ಲಿನ ರಜೆಗಳಲ್ಲಿ ಹಣ್ಣು ಕೊಯ್ದು ಕೂಡಿಟ್ಟ ಹಣವಿದೆ, ಸಾಲದ್ದನ್ನು ಅಪ್ಪ ಹಾಕಬೇಕು. ಜೀಪು ಓಡಿಸಿ ಸಂಸಾರ ತೂಗಿಸುವ ಅಪ್ಪನಿಗೆ ಹಣಕ್ಕಿಂತ ದೊಡ್ಡ ಚಿಂತೆ ಬೇರೆಯೇ ಇತ್ತು. 'ಇಲ್ಲಿ ಡ್ರಮ್ ಬಾರಿಸಿದರೆ ಪಕ್ಕದವರು ಸುಮ್ಮನಿರುತ್ತಾರೇನೋ? ಇದು ನಮ್ಮ ಹಳೇ ಮನೆಯಲ್ಲ.'

ಹಳೇ ಮನೆ ಎಂಬ ಮಾತು ಬಂದರೆ ಆ ಮನೆಯಲ್ಲಿ ಎಲ್ಲರೂ ಒಂದು ಗಳಿಗೆ ಮೌನವಾಗುತ್ತಾರೆ. ಕಾಫಿ ತೋಟದ ನಡುವೆ ಇದ್ದ ಒಂಟಿ ಮನೆ ಅದು. ಎಷ್ಟು ಬಾರಿಸಿದರೂ ಕೇಳುವವರು ಹಕ್ಕಿಗಳು ಮಾತ್ರ. 2018ರ ಆಗಸ್ಟ್ ಮಳೆಯಲ್ಲಿ ಗುಡ್ಡದೊಂದಿಗೆ ಅದೂ ಜಾರಿಹೋಯಿತು. ಉಟ್ಟ ಬಟ್ಟೆಯಲ್ಲಿ ಹೊರಬಂದವರು ಪರಿಹಾರ ಕೇಂದ್ರ, ಬಾಡಿಗೆ ಮನೆ ಎಲ್ಲ ದಾಟಿ, ಸಂತ್ರಸ್ತರಿಗೆಂದು ಜಂಬೂರಿನಲ್ಲಿ ಕಟ್ಟಿ 2020ರ ಜೂನ್‌ನಲ್ಲಿ ಹಸ್ತಾಂತರಿಸಿದ ಮನೆಗಳಲ್ಲಿ ಒಂದಕ್ಕೆ ಬಂದರು. ಮನೆ ಗಟ್ಟಿಯಾಗಿದೆ, ನೀರು-ಕರೆಂಟು ಇದೆ. ಆದರೆ ಒಬ್ಬರ ಮನೆಯ ಒಗ್ಗರಣೆ ಇನ್ನೊಬ್ಬರ ಮನೆಯಲ್ಲಿ ಸೀನು ಬರಿಸುವಷ್ಟು ಹತ್ತಿರ ಹತ್ತಿರ.

ಹಳೇ ಮನೆಯೊಂದಿಗೆ ಮಣ್ಣು ಸೇರಿದವುಗಳಲ್ಲಿ ತಾತನ ದುಡಿಯೂ ಒಂದು. ಡಮರುಗದಂತೆ ನಡು ಸಣ್ಣಗಿರುವ ಆ ಪುಟ್ಟ ವಾದ್ಯವಿಲ್ಲದೆ ಕೊಡಗಿನಲ್ಲಿ ಪುತ್ತರಿಯ ಹಾಡಿಲ್ಲ. ತಾತನ ತೊಡೆಯ ಮೇಲೆ ಕುಳಿತೇ ಮೊಮ್ಮಗ ತಾಳ ಕಲಿತದ್ದು. ಆಗ ಅವನಿಗೆ ಹತ್ತು ವರ್ಷ. ದುಡಿ ಹೋದ ಮೇಲೆ ತಾತ ಮತ್ತೊಂದನ್ನು ಕೇಳಲಿಲ್ಲ. ಯಾರಾದರೂ ತಂದುಕೊಡುತ್ತೇನೆಂದರೆ 'ಇನ್ನೇಕೆ?' ಎಂದು ಎದ್ದು ಹೋಗುತ್ತಿದ್ದರು. ಹುಡುಗನ ಬೆರಳು ಮಾತ್ರ ಸುಮ್ಮನಿರಲಿಲ್ಲ. ಬೆಂಚು, ಬಕೆಟ್ಟು, ಊಟದ ತಟ್ಟೆ ಎಲ್ಲವೂ ಅವನಿಗೆ ವಾದ್ಯವೇ.

'ಎಲೆಕ್ಟ್ರಾನಿಕ್ ಡ್ರಮ್ ಅಂತ ಇದೆ ಅಪ್ಪ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಹೊರಗೆ ಸದ್ದೇ ಬರುವುದಿಲ್ಲ' ಎಂದು ಹುಡುಗ ಬಾಯಿಬಿಟ್ಟದ್ದು ಆಗ. ಸದ್ದು ಬಾರದ ಡೋಲಿಗೆ ದುಡ್ಡು ಕೊಡುವುದೇ ಎಂದು ಅಮ್ಮ ನಕ್ಕರು. ಕೊನೆಗೆ ಎಲ್ಲ ಸೇರಿ ಮೂವತ್ತೈದು ಸಾವಿರ, ಅದಕ್ಕೆ ಒಂದು ರೂಪಾಯಿ ಹೆಚ್ಚಿಲ್ಲ ಎಂದು ಅಪ್ಪ ತೀರ್ಮಾನಿಸಿದರು. ಒಂದು ಭಾನುವಾರ ಅಪ್ಪ, ಮಗ ಸುಂಟಿಕೊಪ್ಪ, ಕುಶಾಲನಗರದ ಹಾದಿಯಲ್ಲಿ ಮೈಸೂರಿಗೆ ಹೊರಟರು. 'ನಾನೂ ಬರುತ್ತೇನೆ' ಎಂದು ತಾತ ಚಪ್ಪಲಿ ಮೆಟ್ಟಿದಾಗ ಎಲ್ಲರಿಗೂ ಆಶ್ಚರ್ಯ.

ಈ ಡ್ರಮ್ಮಿನ ಗುಟ್ಟು ಅಡುಗೆ ಮನೆಯ ಗ್ಯಾಸ್ ಲೈಟರಿನಲ್ಲೇ ಇದೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆಂದು ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು 1880ರಲ್ಲೇ ತೋರಿಸಿದ್ದರು. ಲೈಟರಿನ ಕಿಡಿ ಆ ಗುಣದ್ದೇ. ಡ್ರಮ್ಮಿನ ಪ್ಯಾಡಿನಡಿಯಲ್ಲೂ ಅಂಥದೇ ಬಿಲ್ಲೆಯಿರುತ್ತದೆ. ಕೋಲು ಬಿದ್ದೊಡನೆ ಅದು ಸಣ್ಣ ವಿದ್ಯುತ್ ಸಂಕೇತ ಕಳಿಸುತ್ತದೆ. ಪೆಟ್ಟು ಜೋರಾದಷ್ಟೂ ಸಂಕೇತ ಜೋರು. ಅದನ್ನು ಅಳೆದ ಪೆಟ್ಟಿಗೆ ತನ್ನಲ್ಲಿ ಮೊದಲೇ ಮುದ್ರಿಸಿಟ್ಟ ಡ್ರಮ್ಮಿನ ನಾದವನ್ನು ಅದೇ ಬಿರುಸಿನಲ್ಲಿ ನುಡಿಸುತ್ತದೆ. ಇಂಗ್ಲೆಂಡಿನ ಸಿಮನ್ಸ್ ಕಂಪನಿಯ ಆರು ಮೂಲೆಯ ಪ್ಯಾಡುಗಳು 1981ರಲ್ಲಿ ಬಂದವು. ಅವು ಹಲಗೆಗೆ ಹೊಡೆದಷ್ಟು ಗಡಸು, ಮಣಿಕಟ್ಟು ನೋಯಿಸುತ್ತಿದ್ದವು. ನಮ್ಮ ಆರ್ಕೆಸ್ಟ್ರಾಗಳಲ್ಲಿ ಮನೆಮಾತಾದ ಆಕ್ಟೋಪ್ಯಾಡನ್ನು ಜಪಾನಿನ ರೋಲ್ಯಾಂಡ್ ತಂದದ್ದು 1985ರಲ್ಲಿ. ಚರ್ಮದ ಬದಲು ಬಲೆ ಬಿಗಿದ ಪ್ಯಾಡುಗಳನ್ನು ಅದೇ ಕಂಪನಿ 1997ರಲ್ಲಿ ತಂದ ಮೇಲೆ ಕೈಗಳಿಗೆ ಸುಖ ಸಿಕ್ಕಿತು.

ಅಂಗಡಿಯವನು ಮೊದಲು ತೋರಿಸಿದ ಸೆಟ್ಟಿನ ಪೆಟ್ಟಿಗೆಯಲ್ಲಿ ನೂರಾರು ಬಗೆಯ ನಾದಗಳಿದ್ದವು, ದೀಪಗಳು ಮಿನುಗುತ್ತಿದ್ದವು. ಹುಡುಗನ ಕಣ್ಣೂ ಮಿನುಗಿತು. ಆದರೆ ಪ್ಯಾಡೆಲ್ಲ ರಬ್ಬರಿನವು. ತಾತ ಕೋಲು ಕೇಳಿ ಪಡೆದರು. ಮೊದಲು ಬೆರಳ ತುದಿಯಷ್ಟು ಮೆಲ್ಲಗೆ, ಆಮೇಲೆ ಜೋರಾಗಿ ಬಡಿದರು. ಮೆಲ್ಲಗಿನ ಪೆಟ್ಟುಗಳಲ್ಲಿ ಅರ್ಧ ಪೆಟ್ಟಿಗೆಗೆ ಕೇಳಿಸಲೇ ಇಲ್ಲ. 'ಇದಕ್ಕೆ ಕಿವಿ ಮಂದ' ಎಂದು ಕೋಲು ಕೆಳಗಿಟ್ಟರು. ಆಮೇಲೆ ಕರೆಂಟು ಆರಿಸಿ ಬಾರಿಸು ಎಂದು ಮೊಮ್ಮಗನಿಗೆ ಹೇಳಿ, ತಾವು ಬಾಗಿಲ ಹೊರಗೆ ಹೋಗಿ ನಿಂತರು. ರಬ್ಬರಿನ ಟಕಟಕ ಅಲ್ಲಿಯವರೆಗೂ ಬಂತು. ಬಲೆಯ ಪ್ಯಾಡಿನದು ಬರಲಿಲ್ಲ. ಎಷ್ಟೋ ವರ್ಷದಿಂದ ಡ್ರಮ್ ಮಾರುವ ಅಂಗಡಿಯವನು 'ಯಜಮಾನ್ರೇ, ಈ ಪರೀಕ್ಷೆ ಯಾರೂ ಮಾಡಿಲ್ಲ' ಎಂದ.

ಕೊನೆಗೆ ಆರಿಸಿದ್ದು ನಾದಗಳು ಕಡಿಮೆಯಿದ್ದರೂ ಬಲೆಯ ಪ್ಯಾಡುಗಳಿದ್ದ ಸಾದಾ ಸೆಟ್ಟನ್ನು. ಕಲಿಯುವವನಿಗೆ ನೂರು ನಾದಕ್ಕಿಂತ ಕೋಲು ಸರಿಯಾಗಿ ಪುಟಿಯುವುದು ಮುಖ್ಯ. ಬಾಸ್ ಡ್ರಮ್ಮಿಗೆ ಬರೀ ಗುಂಡಿಯಂಥ ಪೆಡಲಲ್ಲ, ಸುತ್ತಿಗೆ ಬಂದು ಬಡಿಯುವ ನಿಜವಾದ ಪೆಡಲೇ ಬೇಕೆಂದು ಹುಡುಗ ಹಟ ಹಿಡಿದ. ಕಾಲಿನ ಅಭ್ಯಾಸ ಮೊದಲೇ ಕೆಟ್ಟರೆ ತಿದ್ದುವುದು ಕಷ್ಟ. ಅಷ್ಟಾದ ಮೇಲೆ ಅಪ್ಪನಿಗೆ ತಿಳಿಯಿತು, ಸೆಟ್ಟಿನ ಬೆಲೆಯೇ ಪೂರ್ತಿ ಬೆಲೆಯಲ್ಲವೆಂದು. ಕೂರುವ ಸ್ಟೂಲು ಬೇರೆ, ಹೆಡ್‌ಫೋನು ಬೇರೆ, ಕೋಲು ಬೇರೆ. ಮೂವತ್ತೈದರಲ್ಲಿ ಐದನೇ ಒಂದು ಪಾಲು ಅದಕ್ಕೇ ಹೋಯಿತು. ಸ್ಪೀಕರನ್ನು ಕೈಬಿಟ್ಟರು. ಊರಿಗೆ ಕೇಳಿಸುವ ಕಾಲ ಬಂದಾಗ ನೋಡೋಣ ಎಂದಾಯಿತು.

ಮನೆಯಲ್ಲಿ ಇನ್ನೊಂದು ಪಾಠವಾಯಿತು. ಬಲೆ ಸುಮ್ಮನಿದ್ದರೂ ಪೆಡಲಿನ ಪೆಟ್ಟು ನೆಲದ ಮೂಲಕ ಗೋಡೆಗೆ ಹತ್ತಿತು. ಹಳೆಯ ಕಂಬಳಿ ಮಡಿಸಿ ಮೇಲೊಂದು ದಪ್ಪ ರಬ್ಬರ್ ಹಾಸು ಹಾಕಿದ ಮೇಲೆ ತಣ್ಣಗಾಯಿತು. ಮಳೆಗಾಲದ ಥಂಡಿಗೆ ಪೆಟ್ಟಿಗೆ ಕೆಡದಿರಲೆಂದು ಅಮ್ಮ ಸಿಲಿಕಾ ಜೆಲ್ ಪೊಟ್ಟಣಗಳನ್ನು ಡಬ್ಬಿಯಲ್ಲಿ ಕೂಡಿಡತೊಡಗಿದರು. ಕರೆಂಟು ಹೋದ ದಿನ ಮಾತ್ರ ಹುಡುಗ ಮತ್ತೆ ಬಕೆಟ್ಟಿಗೆ ಶರಣು.

ಆಷಾಢದ ಒಂದು ಸಂಜೆ ತಾತ ಸ್ಟೂಲಿನ ಮೇಲೆ ಕುಳಿತರು. ಹುಡುಗ ಕಿವಿಗೆ ಹೆಡ್‌ಫೋನ್ ಇಟ್ಟ. ಮುದುಕರ ಕೈ ಮೊದಲು ತಡವರಿಸಿತು, ಆಮೇಲೆ ದುಡಿಯ ನಡೆ ಹಿಡಿಯಿತು. ಬಾಗಿಲಲ್ಲಿ ನಿಂತ ಸೊಸೆಗೆ ಏನೂ ಕೇಳಿಸಲಿಲ್ಲ. ಏಳು ವರ್ಷದಿಂದ ನೋಡದಿದ್ದ ಕೈಯ ಕುಣಿತ ಮಾತ್ರ ಕಾಣಿಸಿತು.

'ಹೇಗಿದೆ ತಾತ?' ಎಂದ ಹುಡುಗ.

ಮಳೆಯಲ್ಲಿ ಚರ್ಮ ತೇವ ಹೀರಿ ಸಡಿಲವಾಗುತ್ತದೆ, ನಾದ ಇಳಿಯುತ್ತದೆ. ಅದಕ್ಕೇ ಬಾರಿಸುವ ಮುಂಚೆ ಬೆಂಕಿಗೆ ಹಿಡಿದು ಬಿಗಿ ಮಾಡಬೇಕು. ತಾತನಿಗೆ ಅದೇ ನೆನಪಾಯಿತೋ ಏನೋ.

'ಚೆನ್ನಾಗಿದೆ. ಇದನ್ನು ಕಾಯಿಸಬೇಕಾಗಿಲ್ಲ' ಎಂದರು. ಹೆಡ್‌ಫೋನ್ ತೆಗೆದು ಸ್ವಲ್ಪ ಹೊತ್ತು ಹೊರಗಿನ ಮಳೆ ನೋಡಿದರು. 'ಕಾಯಿಸುವಾಗ ಬೆಂಕಿಯ ಸುತ್ತ ನಾಲ್ಕು ಜನ ಕೂರುತ್ತಿದ್ದೆವು. ಪುತ್ತರಿಗೆ ಮುಂಚೆ ಒಂದು ದುಡಿ ಸಿಗುತ್ತದಾ, ನಿನ್ನ ಅಪ್ಪನಿಗೆ ವಿಚಾರಿಸಲು ಹೇಳು.'