ಭಾಷಾಶಾಸ್ತ್ರದ ಒಂದು ಪಠ್ಯಗ್ರಂಥ

ಎಂ.ಎ. ಓದುತ್ತಿದ್ದ ನನ್ನ ತಮ್ಮನ ಮಗಳು ರಜೆಗೆ ಬಂದವಳು, ಒಂದು ದಪ್ಪ ಇಂಗ್ಲಿಷ್ ಪುಸ್ತಕವನ್ನು ಮುಂದಿಟ್ಟು, "ದೊಡ್ಡಪ್ಪ, ಇದರಲ್ಲಿ ನಿಮ್ಮ ಪಾಣಿನಿಯ ಹೆಸರಿದೆ, ನೋಡಿ" ಎಂದಳು. ಅಮೆರಿಕದ ಲಿಯೊನಾರ್ಡ್ ಬ್ಲೂಮ್‌ಫೀಲ್ಡರು 1933ರಲ್ಲಿ ಪ್ರಕಟಿಸಿದ 'ಲ್ಯಾಂಗ್ವೇಜ್' ಎಂಬ ಗ್ರಂಥವದು. ಪಾಠಶಾಲೆಯಲ್ಲಿ ಲಘುಕೌಮುದಿಯನ್ನು ಬಾಯಿಪಾಠಮಾಡಿ ಬೆಳೆದ ನನಗೆ ಇಂಗ್ಲಿಷು ಸರಾಗವಲ್ಲ. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಒಂದು ಮಳೆಗಾಲವನ್ನೆಲ್ಲ ಅದರಲ್ಲಿ ಕಳೆದೆನು.

ಮೊದಲು ಸಂತೋಷವಾದುದು ಸಹಜವೇ. ಸಂಧಿಯೆಂಬ ನಮ್ಮ ಶಬ್ದವು ಅಲ್ಲಿ ಹಾಗೆಯೇ ನಿಂತಿದೆ. ಸಮಾಸಗಳ ಪ್ರಸ್ತಾಪದಲ್ಲಿ ದ್ವಂದ್ವ, ತತ್ಪುರುಷ, ಬಹುವ್ರೀಹಿಗಳು ಪರದೇಶದಲ್ಲಿ ಕಂಡ ನೆಂಟರಂತೆ ಎದುರಾಗುವುವು. ಆದರೆ ನಮ್ಮ ಅಭಿಮಾನವು ತಣಿದ ಮಾತ್ರಕ್ಕೆ ಪಠ್ಯಗ್ರಂಥವೊಂದು ಶ್ರೇಷ್ಠವಾಗದಷ್ಟೆ. ಅರ್ಥವಿಚಾರದಲ್ಲಿ ಈ ಗ್ರಂಥಕಾರರ ಕಾರ್ಪಣ್ಯವು ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ. 1957ರಲ್ಲಿ ಚಾಮ್‌ಸ್ಕಿಯವರ ಪುಸ್ತಕವು ಬಂದಮೇಲೆ ಇವರ ಮತವು ಬಹುಮಟ್ಟಿಗೆ ಹಿಂದೆ ಸರಿಯಿತು. ಆದರೂ ಬಲ್ಲವರು ಈ ಗ್ರಂಥವನ್ನು ಕೆಳಗಿಡಲಿಲ್ಲ.

ಏಕೆಂಬುದು ಧ್ವನಿವ್ಯತ್ಯಾಸದ ಅಧ್ಯಾಯವನ್ನು ಓದಿದಾಗ ತಿಳಿಯಿತು. ಧ್ವನಿಗಳು ನಿಯಮಬದ್ಧವಾಗಿ ಮಾರ್ಪಡುವುವೆಂಬ ತತ್ತ್ವವು ಲಿಪಿಯಿಲ್ಲದ ಭಾಷೆಗಳಿಗೂ ಸಲ್ಲುವುದೇ? ಅಮೆರಿಕದ ಮೂಲನಿವಾಸಿಗಳ ಅಲ್ಗಾಂಕಿಯನ್ ಭಾಷೆಗಳಲ್ಲಿ 'ಕೆಂಪು' ಎಂಬರ್ಥದ ಶಬ್ದವೊಂದು ಉಳಿದ ಶಬ್ದಗಳ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ. ಇವರು ಅದನ್ನು ಅಪವಾದವೆಂದು ತಳ್ಳಿಬಿಡದೆ, ಮೂಲಭಾಷೆಯಲ್ಲಿ ಅಲ್ಲಿ ಬೇರೊಂದು ಸಂಯುಕ್ತಾಕ್ಷರವಿದ್ದಿರಬೇಕೆಂದು ಊಹಿಸಿದರು. ಕೆಲವು ಕಾಲದ ಮೇಲೆ ಕ್ರೀ ಭಾಷೆಯ ಒಂದು ಉಪಭಾಷೆಯಲ್ಲಿ, ಅದೇ ಶಬ್ದದ ಅದೇ ಸ್ಥಾನದಲ್ಲಿ, ಬೇರೆಯ ಸಂಯುಕ್ತಾಕ್ಷರವೇ ಜನರ ಬಾಯಲ್ಲಿ ದೊರೆಯಿತು! ಸಿದ್ಧಾಂತವನ್ನು ಹೇಳಿ ಕೈತೊಳೆದುಕೊಳ್ಳದೆ, ಹುಡುಕಿದ ದಾರಿಯಲ್ಲೆಲ್ಲ ಶಿಷ್ಯನನ್ನು ನಡೆಯಿಸಿಕೊಂಡು ಹೋಗುವ ಪುಸ್ತಕವಿದು. ಆಮೇಲೆ ಅವನು ತನ್ನ ಊರಿನ ಮಾತಿಗೇ ಕಿವಿಗೊಡತೊಡಗುವನು.

ನನ್ನ ಕಿವಿಯಲ್ಲಿ ಕೇಳಿಸಿದುದು ಒಬ್ಬ ಹುಡುಗನ ದನಿ. ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ನಾನು ಹೊಸದಾಗಿ ಮೇಷ್ಟ್ರಾಗಿದ್ದಾಗ ಅವನು 'ಹಾಲು' ಎಂಬುದನ್ನು 'ಆಲು' ಎಂದು ಓದುತ್ತಿದ್ದನು. ನಾನು ಬೆತ್ತವನ್ನೆತ್ತಿದೆನು. ಹೆದರಿದ ಹುಡುಗನು ಮರುದಿನ 'ಆನೆ'ಯನ್ನು 'ಹಾನೆ' ಎಂದನು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆನು. ಅವನು ಮತ್ತೆ ಗಟ್ಟಿಯಾಗಿ ಓದಲಿಲ್ಲ. ಮುಂದಿನ ವರ್ಷ ಶಾಲೆಗೂ ಬರಲಿಲ್ಲ.

ಹಳಗನ್ನಡದ ಪಾಲ್ ಹಾಲಾಯಿತು, ಪೂ ಹೂವಾಯಿತು, ಪುಲಿ ಹುಲಿಯಾಯಿತು. ಈ ಪಟ್ಟಿಯನ್ನು 30 ವರ್ಷ ಕರಿಹಲಗೆಯ ಮೇಲೆ ಬರೆದವನು ನಾನೇ. ಪಕಾರವು ಹಕಾರವಾದರೆ ಶಾಸ್ತ್ರ, ಹಕಾರವು ಲೋಪವಾದರೆ ಅಪರಾಧ! ಹುಡುಗನ ನಾಲಗೆಯು ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆಯನ್ನಿಟ್ಟಿದ್ದಿತು. 'ಹಾನೆ'ಗೂ ಆ ಗ್ರಂಥದಲ್ಲಿ ಸಮಾಧಾನವಿದೆ: ಮೇಲಿನವರ ನುಡಿಯನ್ನು ಅನುಸರಿಸಹೊರಟವರು ಬೇಡದೆಡೆಗೂ ಆ ಲಕ್ಷಣವನ್ನು ಹಚ್ಚುವುದುಂಟು. ಅವನು ನಾನು ಕಲಿಸಿದುದನ್ನೇ ಶ್ರದ್ಧೆಯಿಂದ ಪಾಲಿಸಿದ್ದನು.

ಇದಕ್ಕೆ ಅಮೆರಿಕದವರೆಗೆ ಹೋಗಬೇಕಾಗಿತ್ತೆ ಎಂದು ವಾಚಕರು ಕೇಳಬಹುದು. ಪ್ರಾಚ್ಯರ ಪ್ರಯೋಗವನ್ನೂ ಉದೀಚ್ಯರ ಪ್ರಯೋಗವನ್ನೂ ಪಾಣಿನಿಯು ಸೂತ್ರಗಳಲ್ಲಿಯೇ ಗುರುತಿಸಿದ್ದಾನೆ. ಬಾಯಿಪಾಠಮಾಡಿದ ನನಗೆ ಅದು ಕೇಳಿಸಿರಲಿಲ್ಲ.

ಪುಸ್ತಕವು ಇನ್ನೂ ನನ್ನಲ್ಲಿಯೇ ಇದೆ. ಮಗು ತನಗೆ ಬೇರೊಂದು ಪ್ರತಿಯನ್ನು ಕೊಂಡಳು. ಹಳೆಯ ಹಾಜರಿಪುಸ್ತಕದ ಖಾಲಿ ಹಾಳೆಗಳಲ್ಲಿ ಈ ಕಡೆಯ ಜನರ ಮಾತುಗಳನ್ನು, ಕೇಳಿದಂತೆಯೇ, ಬರೆದಿಡತೊಡಗಿದ್ದೇನೆ. ಆ ಹುಡುಗನಿಗೆ ಈಗ ಐವತ್ತರ ಹತ್ತಿರವಿರಬೇಕು. ಎಲ್ಲಿರುವನೆಂದು ವಿಚಾರಿಸಿದೆನು, ತಿಳಿಯಲಿಲ್ಲ.