ಕ್ಷಮಿಸಿರಿ ಸಾಹೇಬರೇ, ಈಗ ನೋಡಿದೆವು

ರಾತ್ರಿ 9-40ಕ್ಕೆ ಮೇಲ್ ಬರುತ್ತದೆ. ‘ನಾಳೆ ಬೆಳಿಗ್ಗೆ 10ರೊಳಗೆ ಲಗತ್ತಿಸಿದ ನಮೂನೆಯಲ್ಲಿ ಮಾಹಿತಿ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಸಂಬಂಧಿಸಿದವರೇ ನೇರ ಹೊಣೆಗಾರರು.’ ಅದರ ಬೆನ್ನಿಗೆ ವಾಟ್ಸಾಪ್ ಗುಂಪಿನಲ್ಲಿ ‘ಎಲ್ಲರೂ ಮೇಲ್ ನೋಡಿರಿ’ ಎಂದು ಇನ್ನೊಂದು. ಆ ಹೊತ್ತಿಗೆ ಶಿರಹಟ್ಟಿ ತಾಲೂಕಿನ ಮಾಗಡಿಯಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ ಮಂದಿ ಉಂಡು ಮಲಗಿರುತ್ತಾರೆ. ನಾವೂ ಮಂದಿಯೇ, ಮಲಗಿರುತ್ತೇವೆ. ಮುಂಜಾನೆ ಎದ್ದು ಫೋನು ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಮುಖ ತೊಳೆಯುವ ಮೊದಲೇ ಬೆರಳು ಬರೆಯತೊಡಗುತ್ತದೆ: ‘ಕ್ಷಮಿಸಿರಿ ಸಾಹೇಬರೇ, ಈಗ ನೋಡಿದೆ. ದಯವಿಟ್ಟು ಅನ್ಯಥಾ ಭಾವಿಸಬೇಡಿರಿ.’

ನಾವು ಅಂದರೆ ಯಾರು? ಪ್ರಾಥಮಿಕ ಶಾಲೆಯ ಮಾಸ್ತರರು, ಅಕ್ಕೋರು, ವರ್ಷ ವರ್ಷ ಹೊಸದಾಗಿ ನೇಮಕವಾಗುವ ಅತಿಥಿ ಶಿಕ್ಷಕರು, ಪಂಚಾಯಿತಿಯ ಕಂಪ್ಯೂಟರಿನ ಮುಂದೆ ಕೂಡುವವರು, ಆಶಾ ಕಾರ್ಯಕರ್ತೆಯರು. ಹೆಚ್ಚಿನವರು ಕೇರಿಯಿಂದ ಬಂದವರು. ಮನೆತನದಲ್ಲಿ ತಿಂಗಳ ಪಗಾರ ಎಂಬುದನ್ನು ಮೊದಲ ಸಲ ಕಂಡವರು. ಬೆಂಗಳೂರಿನ ಕಂಪನಿ ಸೇರಿದ ನಮ್ಮ ಹುಡುಗರನ್ನೂ ಈ ಲೆಕ್ಕಕ್ಕೆ ಹಿಡಿಯಬೇಕು. ಅವರು ‘ಸಾರಿ ಫಾರ್ ದಿ ಡಿಲೇ’ ಎಂದು ಬರೆಯುತ್ತಾರೆ, ನಾವು ‘ಕ್ಷಮಿಸಿರಿ’ ಎಂದು ಬರೆಯುತ್ತೇವೆ.

ಕ್ಷಮೆ ಯಾತರದು? ಇದನ್ನು ಒಂದು ಸಲ ಕೂತು ಲೆಕ್ಕ ಹಾಕಿ ನೋಡಿದೆವು. ರಾತ್ರಿ 9-40ಕ್ಕೆ ನಮ್ಮಲ್ಲಿ ಒಬ್ಬರು ಮಗಳಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ಒಬ್ಬರ ಹೊಲಕ್ಕೆ ರಾತ್ರಿ ಪಾಳಿಯ ಕರೆಂಟು, ಅವರು ನೀರು ಹಾಯಿಸಲು ಹೋಗಿದ್ದರು. ಒಬ್ಬಾಕೆ ಅತ್ತೆಯ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು. ಉಳಿದವರು ನಿದ್ದೆ. ಇವುಗಳಲ್ಲಿ ಯಾವುದು ಅಪರಾಧ? ಮಗಳಿಗೆ ಲೆಕ್ಕ ಹೇಳಿದ್ದೋ, ಹೊಲಕ್ಕೆ ನೀರು ಬಿಟ್ಟದ್ದೋ? ಕ್ಷಮೆ ಕೇಳಿದ ಮೇಲೆ ತಪ್ಪು ಆದದ್ದು ಖರೆ ಎಂದು ದಾಖಲೆ ಆದಂತಾಯಿತು. ನಾಳೆ ನೋಟೀಸು ಕೊಡುವವನಿಗೆ ನಮ್ಮ ಕೈಬರಹವೇ ಸಾಕ್ಷಿ.

ಈ ಭಾಷೆ ನಮಗೆ ಮೊಬೈಲಿನ ಜೊತೆಗೆ ಬಂದದ್ದಲ್ಲ. ಓಲೆ ಒಯ್ಯುವವನು ಓಲೆಕಾರ, ನಮ್ಮ ಕಡೆ ಬಾಯಲ್ಲಿ ವಾಲೀಕಾರ. ತಳವಾರ, ಹಳಬ, ಸನದಿ ಎಂದು ಊರಿಂದ ಊರಿಗೆ ಹೆಸರು ಬೇರೆ, ಚಾಕರಿ ಅದೇ. ಚಾವಡಿಯಿಂದ ಕೂಗು ಬಂತೆಂದರೆ ತುತ್ತು ಬಿಟ್ಟು ಏಳಬೇಕು. ಮಾಮಲೇದಾರನ ಕುದುರೆಗೆ ಹುಲ್ಲು, ಗೌಡನ ಮನೆಗೆ ಕಟ್ಟಿಗೆ, ತಲೆಯ ಮೇಲೆ ಕುಲಕರ್ಣಿಯ ದಫ್ತರ, ಸತ್ತವರ ಸುದ್ದಿ ಹರದಾರಿ ಹರದಾರಿ ದೂರದ ಊರುಗಳಿಗೆ. ಹೊತ್ತು ಎಂಬುದು ಅವನ ಕೈಯಲ್ಲಿ ಇರಲಿಲ್ಲ. ತಡವಾದರೆ ಕೈಕಟ್ಟಿ ನಿಂತು ‘ತಪ್ಪಾತ್ರೀ ಎಪ್ಪಾ’ ಅನ್ನಬೇಕು. ಯಾಕೆ ತಡವಾಯಿತೆಂದು ಹೇಳುವಂತಿಲ್ಲ, ಹೇಳಿದರೆ ಎದುರು ಮಾತು.

ಶಿರಹಟ್ಟಿ ಆಗ ಸಾಂಗಲಿ ಸಂಸ್ಥಾನದಲ್ಲಿತ್ತು, ಗದಗ ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿತ್ತು. ಆ ಮುಂಬಯಿಯ ಶಾಸನ ಸಭೆಯಲ್ಲಿ 1928ರಲ್ಲಿ ಬಾಬಾಸಾಹೇಬರು 1874ರ ವತನ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದರು. ಮಹಾರ ವತನದಾರರ ಬಗ್ಗೆ ಅವರು ಸಭೆಯ ಮುಂದಿಟ್ಟ ಮಾತಿನ ಸಾರ ಇಷ್ಟು: ಇವರ ದುಡಿಮೆಗೆ ಹೊತ್ತುಗೊತ್ತಿಲ್ಲ, ಹಗಲಿರುಳೆನ್ನದೆ ಕರೆದಾಗ ಬರಬೇಕು. ವತನದಾರ ಮನೆಯಲ್ಲಿಲ್ಲದಿದ್ದರೆ ಅವನ ಅಪ್ಪನನ್ನೋ ಮನೆಯ ಬೇರೊಬ್ಬರನ್ನೋ ಹಿಡಿದು ದುಡಿಸುತ್ತಾರೆ. ಇಷ್ಟಕ್ಕೆ ಕೊಡುವುದು ಪುಡಿಗಾಸು. ಮಸೂದೆ ಗೆಲ್ಲಲಿಲ್ಲ, 1929ರಲ್ಲಿ ಅವರು ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ನಮ್ಮ ರಾಜ್ಯದಲ್ಲಿ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ 1961ರದ್ದು, ಜಾರಿಗೆ ಬಂದದ್ದು 1963ರ ಫೆಬ್ರುವರಿ 1ಕ್ಕೆ. ಸಂವಿಧಾನದ 23ನೆಯ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸಿ ಆಗಲೇ 13 ವರ್ಷ ಕಳೆದಿದ್ದವು.

‘ಮನೆಯ ಬೇರೊಬ್ಬರನ್ನು ಹಿಡಿಯುತ್ತಾರೆ’ ಎಂಬುದನ್ನು ಓದಿದಾಗ ನಮಗೆ ಮೊದಲು ನಗೆ ಬಂತು. ಆಮೇಲೆ ಬರಲಿಲ್ಲ. ನಮ್ಮ ಪೈಕಿ ಒಬ್ಬರ ಫೋನು ಚಾರ್ಜ್ ಇಲ್ಲದೆ ಬಂದಾದ ರಾತ್ರಿ ಅವರ ಹೆಂಡತಿಯ ಫೋನಿಗೆ ಕರೆ ಬಂದಿತ್ತು. ‘ಮಾಸ್ತರ ಎಲ್ಲಿ ಅದಾರ? ಎಬ್ಬಸ್ರಿ.’ ಆ ತಾಯಿ ಎಬ್ಬಿಸಲಿಲ್ಲ. ‘ಮಲಗ್ಯಾರ್ರೀ. ಮುಂಜಾನೆ ಎದ್ದ ಕೂಡಲೆ ಹೇಳ್ತೀನ್ರೀ’ ಅಂದು ಫೋನು ಇಟ್ಟಳು. ಸಾಲಿ ಕಲಿಯದ ಹೆಣ್ಣುಮಗಳು. ನಾವು ಹತ್ತು ಮಂದಿ ಡಿಗ್ರಿಯವರು ಕೂಡಿ ಬರೆಯಲಾಗದ ಒಕ್ಕಣೆಯನ್ನು ಎರಡು ಮಾತಿನಲ್ಲಿ ಮುಗಿಸಿದ್ದಳು. ಅದಕ್ಕೆ ಮುಂದೆ ಬರುತ್ತೇವೆ.

ಕೆಲವು ಹಿರಿಯರು ನಮಗೆ ನಿಯಮ ತೋರಿಸುತ್ತಾರೆ. 1922ರ ಜನವರಿ 1ರಿಂದ ಜಾರಿಯಾದ ಮೂಲ ನಿಯಮಗಳಲ್ಲಿ 11ನೆಯದು, ಸರಕಾರಿ ನೌಕರನ ಪೂರ್ತಿ ಸಮಯ ಅವನಿಗೆ ಸಂಬಳ ಕೊಡುವ ಸರಕಾರದ ಅಧೀನ ಎನ್ನುತ್ತದೆ. ಅದು ಕೇಂದ್ರದ ನೌಕರರ ನಿಯಮ, ಆದರೆ ಅದರ ನೆರಳು ಎಲ್ಲ ಕಚೇರಿಗಳ ಗೋಡೆಯ ಮೇಲೂ ಬಿದ್ದಿದೆ. ಇರಲಿ. ಅದನ್ನೇ ಓದೋಣ. ‘ಸಂಬಳ ಕೊಡುವ’ ಎಂಬ ಮಾತು ಅದರಲ್ಲೇ ಇದೆಯಲ್ಲ? ಆಶಾ ಕಾರ್ಯಕರ್ತೆಗೆ ಸಂಬಳವಿಲ್ಲ, ಇರುವುದು ಗೌರವಧನ, ಪ್ರೋತ್ಸಾಹಧನ. ಅತಿಥಿ ಶಿಕ್ಷಕನಿಗೂ ಗೌರವಧನವೇ. ಹಣ ಎಣಿಸುವಾಗ ಇವರು ನೌಕರರಲ್ಲ, ರಾತ್ರಿ ಮೇಲ್ ಕಳಿಸುವಾಗ ಮಾತ್ರ ನೌಕರರು!

ದುಡಿಮೆಗೆ ಗಡಿ ಇರಬೇಕೆಂಬುದು ಸೋಮಾರಿಗಳ ಬೇಡಿಕೆಯಲ್ಲ. ಬಾಬಾಸಾಹೇಬರು ವೈಸರಾಯರ ಮಂಡಲದಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ, 1946ರಲ್ಲಿ, ಕಾರ್ಖಾನೆಗಳ ವಾರದ ದುಡಿಮೆ 54 ತಾಸಿನಿಂದ 48ಕ್ಕೆ ಇಳಿಯಿತು. 2023ರಲ್ಲಿ ನಮ್ಮ ರಾಜ್ಯ ವಾರದ 48ನ್ನು ಹಾಗೇ ಇಟ್ಟು ದಿನದ ಮಿತಿಯನ್ನು 12 ತಾಸಿನವರೆಗೆ ಹಿಗ್ಗಿಸಲು ಕಾಯ್ದೆ ತಿದ್ದಿತು. ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟಿನಿಂದ, ಕೆಲಸದ ಹೊತ್ತು ಮುಗಿದ ಮೇಲೆ ಸಂದೇಶ ನೋಡದೆ ಇರುವುದೂ ದುಡಿಯುವವನ ಹಕ್ಕೆಂದು ಕಾನೂನು ಮಾತಾಡಿದೆ. ನಮ್ಮ ಲೋಕಸಭೆಯಲ್ಲಿ ಸುಪ್ರಿಯಾ ಸುಳೆಯವರು 2018ರಲ್ಲಿ ಅಂಥದೇ ಖಾಸಗಿ ಮಸೂದೆ ಮಂಡಿಸಿದರು, ಅದು ಕಾಯ್ದೆಯಾಗಲಿಲ್ಲ. ಅಷ್ಟು ದೂರ ಯಾಕೆ? ಮಾಗಡಿಯ ಕೆರೆಯನ್ನೇ ನೋಡಿರಿ. ಚಳಿಗಾಲಕ್ಕೆ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಸುತ್ತಲಿನ ಹೊಲಗಳಲ್ಲಿ ಮೇಯ್ದು ಬಂದು ಹಗಲು ನೀರಿನಲ್ಲಿ ದಣಿವಾರಿಸಿಕೊಳ್ಳುತ್ತವೆ. 2024ರಲ್ಲಿ ಈ ಕೆರೆ ರಾಮ್ಸರ್ ಪಟ್ಟಿಗೆ ಸೇರಿತು. ಆ ಹಕ್ಕಿಗಳನ್ನು ಎಬ್ಬಿಸಬಾರದೆಂಬುದು ಈಗ ಜಗತ್ತಿಗೆಲ್ಲ ಗೊತ್ತು. ಹಕ್ಕಿಯ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಕೆರೆಯ ದಂಡೆಯ ಮಾಸ್ತರನ ನಿದ್ದೆಯೂ ನಿದ್ದೆಯೇ ಅಂತ ಹೇಳುತ್ತಿದ್ದೇವೆ, ಅಷ್ಟೇ.

ಈಗ ಒಕ್ಕಣೆಯ ಮಾತು. ನಮಗೆ ಸಾಲಿಯಲ್ಲಿ ಅರ್ಜಿ ಬರೆಯಲು ಕಲಿಸಿದವರು ‘ಸವಿನಯ ಪ್ರಾರ್ಥನೆ’ಯಿಂದ ಸುರು ಮಾಡಿ ‘ತಮ್ಮ ವಿಧೇಯ’ದಲ್ಲಿ ಮುಗಿಸಲು ಕಲಿಸಿದರು. ಅದು ಇಂಗ್ಲಿಷರ ‘ಯುವರ್ ಒಬೀಡಿಯಂಟ್ ಸರ್ವಂಟ್’ನ ಕನ್ನಡ ಅಂಗಿ. ಇಂಗ್ಲಿಷ್ ಸಾಹೇಬ ತನ್ನ ಸರೀಕನಿಗೂ ಹಾಗೆಯೇ ಬರೆಯುತ್ತಿದ್ದ, ಅವನಿಗೆ ಅದು ಬರೀ ಶೈಲಿ. ಚಾವಡಿಯ ಮುಂದೆ ಕೈಕಟ್ಟಿ ನಿಂತವರ ಮಕ್ಕಳು ಬರೆದಾಗ ಅದು ಶೈಲಿಯಲ್ಲ, ಬದುಕು. ಮೇಲಿನಿಂದ ಬರುವ ಭಾಷೆ ನೋಡಿರಿ: ಸಲ್ಲಿಸತಕ್ಕದ್ದು, ಕ್ರಮ ಕೈಗೊಳ್ಳತಕ್ಕದ್ದು. ಆ ‘ತಕ್ಕದ್ದು’ವಿನಲ್ಲಿ ಹೇಳುವವನೂ ಇಲ್ಲ, ಕೇಳುವವನೂ ಇಲ್ಲ. ಯಾರಿಗೂ ಮುಖವಿಲ್ಲ.

ನಮ್ಮ ಕಡೆಯ ಮಾತಿನಲ್ಲಿ ‘ರೀ’ ಇದೆ. ಬರ್ರಿ, ಕೂಡ್ರಿ, ನೋಡ್ರಿ. ಹಿರಿಯರಿಗೂ ಅನ್ನುತ್ತೇವೆ, ಹೊಸಬರಿಗೂ ಅನ್ನುತ್ತೇವೆ, ಸಂತೆಯಲ್ಲಿ ಉಳ್ಳಾಗಡ್ಡಿ ಮಾರುವಾಕೆಗೂ ಅನ್ನುತ್ತೇವೆ. ‘ರೀ’ ಅಂದಾಗ ಬೆನ್ನು ಬಾಗುವುದಿಲ್ಲ. ಆ ತಾಯಿ ಫೋನಿನಲ್ಲಿ ‘ಮಲಗ್ಯಾರ್ರೀ’ ಅಂದಳಲ್ಲ, ಅದರಲ್ಲಿ ಮರ್ಯಾದೆ ಪೂರಾ ಇತ್ತು, ಸುದ್ದಿ ಪೂರಾ ಇತ್ತು, ಕೆಲಸ ಯಾವಾಗ ಆಗುತ್ತದೆ ಎಂಬುದೂ ಇತ್ತು. ಇಲ್ಲದ್ದು ಕ್ಷಮೆ ಒಂದೇ. ವಿನಯವನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ದೈನ್ಯವನ್ನು ವಿನಯವೆಂದು ಬರೆಯುವುದು ಬೇಡ ಎನ್ನುತ್ತಿದ್ದೇವೆ.

ಅವಳಿಂದ ಕಲಿತು ನಾವು ಒಂದು ಒಕ್ಕಣೆ ಮಾಡಿಕೊಂಡೆವು. ಬೇಕಾದವರು ತಮ್ಮ ಅನುಕೂಲಕ್ಕೆ ತಿದ್ದಿಕೊಳ್ಳಬಹುದು:

‘ಮಾನ್ಯರೇ, ನಮಸ್ಕಾರ. ನಿನ್ನೆ ರಾತ್ರಿ 9-40ಕ್ಕೆ ತಾವು ಕಳಿಸಿದ ಮೇಲ್ ಇಂದು ಬೆಳಿಗ್ಗೆ ಶಾಲೆಗೆ ಬಂದ ಮೇಲೆ ನೋಡಿದೆವು. ಕೇಳಿದ ಮಾಹಿತಿಯಲ್ಲಿ ಹಾಜರಾತಿಯ ಭಾಗ ಈಗ ಕಳಿಸಿದ್ದೇವೆ. ಉಳಿದದ್ದನ್ನು ದಾಖಲೆ ನೋಡಿ ಮಧ್ಯಾಹ್ನ 3ರೊಳಗೆ ಕಳಿಸುತ್ತೇವೆ. ವಂದನೆಗಳು.’

ಇದರಲ್ಲಿ ಬಂದ ಹೊತ್ತು, ನೋಡಿದ ಹೊತ್ತು ಎರಡನ್ನೂ ಬರೆಯುವುದು ಮುಖ್ಯ. ತಡ ಎಲ್ಲಿ ಹುಟ್ಟಿತೆಂದು ಓದಿದವರಿಗೆ ತಾನೇ ತಿಳಿಯುತ್ತದೆ, ನಾವು ದೂರಬೇಕಾಗಿಲ್ಲ. ‘ನೆಟ್‌ವರ್ಕ್ ಇರಲಿಲ್ಲ’, ‘ಆರಾಮ ಇರಲಿಲ್ಲ’ ಎಂಬ ನೆಪ ಹಾಕಬಾರದು. ನೆಪ ಹೇಳಿದರೆ, ನೆಟ್‌ವರ್ಕ್ ಇದ್ದ ರಾತ್ರಿ ನಾವು ಅವರವರೇ ಎಂದು ಒಪ್ಪಿಕೊಂಡ ಹಾಗೆ. ಹೊತ್ತು ಮೀರಿದ್ದರಿಂದ ಯಾರಿಗಾದರೂ ನಿಜವಾಗಿ ತೊಂದರೆ ಆಗಿದ್ದರೆ, ಒಂದು ಮಗುವಿನ ಶಿಷ್ಯವೇತನದ ಅರ್ಜಿಯೇ ನಿಂತಿದ್ದರೆ, ‘ತಮಗಾದ ಅಡಚಣೆ ನಮಗೆ ತಿಳಿದಿದೆ, ಇದನ್ನು ಸರಿಪಡಿಸಲು ಹೀಗೆ ಮಾಡುತ್ತೇವೆ’ ಎಂದು ಬರೆಯಬೇಕು. ಹೆರಿಗೆ ನೋವು ಅಂತ ಕರೆ ಬಂದರೆ ಆಶಾ ಅಕ್ಕ ಮಧ್ಯರಾತ್ರಿಯೂ ಹೋಗುತ್ತಾಳೆ, ಯಾರೂ ಆಕೆಗೆ ನಿಯಮ ತೋರಿಸಬೇಕಾಗಿಲ್ಲ. ನಮೂನೆ ತುಂಬುವುದಕ್ಕೆ ಹೆರಿಗೆ ನೋವಿನ ಅವಸರ ಇಲ್ಲ.

ಮೇಲ್ ಕಳಿಸಿದವನ ಮೇಲೆ ಹರಿಹಾಯುವುದೂ ಬೇಡ. ಬಹಳ ಸಲ ಅವನು ನಮ್ಮಂಥವನೇ ಒಬ್ಬ ಗುಮಾಸ್ತ. ಬೆಂಗಳೂರಿನಲ್ಲಿ ಸಂಜೆ ಹುಟ್ಟಿದ ಕಾಗದ ಜಿಲ್ಲೆಗೆ ಇಳಿದು, ತಾಲೂಕಿಗೆ ಇಳಿದು, ನಮಗೆ ತಲುಪುವಾಗ ರಾತ್ರಿಯಾಗಿರುತ್ತದೆ. ಪ್ರತಿ ಮೆಟ್ಟಿಲಲ್ಲೂ ಒಬ್ಬ ತನ್ನ ಮೇಲಿನವನಿಗೆ ‘ಕ್ಷಮಿಸಿರಿ’ ಅಂದಿರುತ್ತಾನೆ. ಇದು ನಮ್ಮ ಕೆಳಗೂ ಇಳಿಯದಂತೆ ನೋಡಿಕೊಳ್ಳಬೇಕು. ಗೆಳೆಯರಲ್ಲಿ ಕೆಲವರು ಬಿಸಿಯೂಟದ ಅಡುಗೆಯವರಿಗೆ ರಾತ್ರಿ ಹತ್ತಕ್ಕೆ ಫೋನು ಹಚ್ಚುತ್ತಾರೆಂದು ಕೇಳಿದ್ದೇವೆ. ಅವರು ಈ ಲೇಖನವನ್ನು ಎರಡು ಸಲ ಓದಲಿ.

ಒಕ್ಕಣೆ ಸುಲಭ, ಕಳಿಸುವುದು ಸುಲಭವಲ್ಲ. ಗೌಡರ ಪೈಕಿ ಮಾಸ್ತರ ತಡ ಮಾಡಿದರೆ ‘ಮನೀ ಕೆಲಸ ಇದ್ದೀತು’ ಅನ್ನುವ ಬಾಯಿಯೇ, ನಮ್ಮವ ತಡ ಮಾಡಿದರೆ ‘ಮೀಸಲಾತಿ ಮಂದಿ, ಇವ್ರು ಹಿಂಗ’ ಅನ್ನುತ್ತದೆ. ಆ ಒಂದು ಮಾತಿನ ಹೆದರಿಕೆಗೇ ನಮ್ಮವರು ಕೆಲಸಕ್ಕಿಂತ ಮೊದಲು ಕ್ಷಮೆ ಕಳಿಸುತ್ತಾರೆ. ಹಾಗಾಗಿ ಒಬ್ಬೊಬ್ಬರೇ ಕಳಿಸುವುದು ಬೇಡವೆಂದು ನಿರ್ಧರಿಸಿದೆವು. ಒಂದು ರಾತ್ರಿಯ ಮೇಲ್‌ಗೆ ಮರುದಿನ ಬೆಳಿಗ್ಗೆ ಏಳು ಶಾಲೆಗಳಿಂದ ಅದೇ ಒಕ್ಕಣೆ ಹೋಯಿತು. ಆ ಏಳರಲ್ಲಿ ಎಲ್ಲ ಜಾತಿಯ ಮಾಸ್ತರರೂ ಇದ್ದರು. ಹನ್ನೊಂದಕ್ಕೆ ಫೋನು ಬಂತು. ‘ಏನಿದು, ಎಲ್ಲಾರೂ ಕೂಡಿ ಯೂನಿಯನ್ ಮಾಡೀರೇನು?’ ‘ಇಲ್ರೀ ಸರ್, ಮಾಹಿತಿ ಕಳಿಸೀವ್ರಿ. ಮೂರಕ್ಕ ಉಳಿದದ್ದು ಬರತೈತಿ’ ಅಂದೆವು. ಮೂರಕ್ಕೆ ಕಳಿಸಿದೆವು. ಯಾರಿಗೂ ನೋಟೀಸು ಬರಲಿಲ್ಲ. ರಾತ್ರಿ ಮೇಲ್ ನಿಂತಿಲ್ಲ. ಆದರೆ ಈಚೆಗೆ ಬಂದ ಎರಡರಲ್ಲಿ ‘10ರೊಳಗೆ’ ಎಂಬಲ್ಲಿ ‘ಸಂಜೆಯೊಳಗೆ’ ಎಂದಿತ್ತು.

ಇದನ್ನೆಲ್ಲ ಹೇಳಿದಾಗ ಹತ್ತಿರದ ಊರಿನ ಪಂಚಾಯಿತಿಯಲ್ಲಿ ಏಜನ್ಸಿ ಮೂಲಕ ದುಡಿಯುವ ನಮ್ಮ ಕೇರಿಯ ಹುಡುಗಿ ಸುಮ್ಮನೆ ಕೇಳಿದಳು. ಆಮೇಲೆ ಅಂದಳು: ‘ನೀವು ಏಳು ಸಾಲಿ ಅದೀರಿ ಅಣ್ಣಾರ. ನಾ ಅಲ್ಲಿ ಒಬ್ಬಾಕಿ. ನಾಳೆ ಬರಬ್ಯಾಡ ಅಂದ್ರ ನನಗ ಕಾಗದಾನೂ ಕೊಡಂಗಿಲ್ಲ, ಬರೇ ಫೋನ್ ಮಾಡಿ ಹೇಳ್ತಾರ.’ ಆಕೆಗೆ ಒಕ್ಕಣೆ ನಮ್ಮಲ್ಲಿ ಇರಲಿಲ್ಲ. ತಾಲೂಕಿನಲ್ಲಿ ಆಕೆಯ ಹಾಗೆ ಏಜನ್ಸಿಯಲ್ಲಿ ಇರುವವರ ಹೆಸರು, ಊರು ಬರೆದುಕೊಳ್ಳುತ್ತಿದ್ದೇವೆ. ಬರುವ ರವಿವಾರ ಅವರನ್ನು ಕರೆದಿದ್ದೇವೆ.